ಬ್ಯಾರನ್‌ಗೆ ಬೆಂಕಿ ಹಾಕಲೋ ಬೇಡವೋ

ಈ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ ಹುಣಸೂರಿನ ನಮ್ಮ ಮನೆಗೆ ಬರುತ್ತಾರೆ. ಭೂಕಂಪ ಮಾಪನ ಕೇಂದ್ರಗಳಲ್ಲೇ ಇಡೀ ಸೇವೆ ಸವೆಸಿದವಳು ಏನಾದರೂ ಗುಟ್ಟು ಹೇಳಿಕೊಟ್ಟಾಳು ಎಂಬ ಆಸೆ ಅವರಿಗೆ. ನಾನು ಕಾಫಿ ಕೊಟ್ಟು, ನನ್ನ ಮಂಡಿನೋವಿನ ವಿಚಾರ ಹೇಳಿ ಕಳಿಸುತ್ತೇನೆ. ನಾನು ಕಲಿತ ವಿದ್ಯೆಯಲ್ಲಿ ಮುಕ್ಕಾಲು ಪಾಲು ಯಂತ್ರಗಳ ಜೊತೆಗೇ ಗುಜರಿಗೆ ಹೋಗಿದೆ. ಉಳಿದ ಕಾಲು ಪಾಲು ಮನುಷ್ಯರಿಗೆ ಸಂಬಂಧಿಸಿದ್ದು. ಅದನ್ನು ಒಂದು ಲೋಟ ಕಾಫಿ ಮುಗಿಯುವುದರೊಳಗೆ ಹೇಳಲಾಗುವುದಿಲ್ಲ, ಹೇಳಿದರೆ ನನ್ನ ದೊಡ್ಡಸ್ತಿಕೆಯೂ ಉಳಿಯುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮೂರು ಪಿರಿಯಾಪಟ್ಟಣ ತಾಲ್ಲೂಕಿನ ಪಶ್ಚಿಮದ ಅಂಚಿನಲ್ಲಿದೆ. ಕೊಪ್ಪದಲ್ಲಿ ಬಸ್ಸಿಳಿದು ಒಳಗೆ ಹೋಗಬೇಕು. ಮನೆಯಲ್ಲಿ ಹೊಗೆಸೊಪ್ಪು, ಊಟಕ್ಕಾಗುವಷ್ಟು ರಾಗಿ, ಒಂದಿಷ್ಟು ಮುಸುಕಿನ ಜೋಳ ಬೆಳೆಯುತ್ತಿದ್ದೆವು. ನನ್ನ ಅಣ್ಣ ಪುಟ್ಟಸ್ವಾಮಿ ತಾನು ಓದು ಬಿಟ್ಟು ಹೊಲಕ್ಕಿಳಿದವನು, ನಾನು ಬಿಡದಂತೆ ನೋಡಿಕೊಂಡವನು. ಮೈಸೂರಿನಲ್ಲಿ ಭೂವಿಜ್ಞಾನ ಓದಿ ಕೆಲಸಕ್ಕೆ ಸೇರಿದಾಗ ಇದೇನು ಕೆಲಸವೆಂದು ಊರಿನವರಿಗೆ ವಿವರಿಸಲು ನನ್ನಿಂದಾಗಲಿಲ್ಲ. ಅಣ್ಣ ಒಂದೇ ಮಾತಿನಲ್ಲಿ ಮುಗಿಸಿದ: “ನಮ್ ರತ್ನ ಭೂಮಿ ನಾಡಿ ಇಡ್ದು ನೋಡ್ತಾಳೆ ಕಣ್ರಪ್ಪ.” ಅಂದಿನಿಂದ ಕೊಳವೆಬಾವಿ ಎಲ್ಲಿ ಕೊರೆಸಬೇಕು, ದನದ ಕೊಟ್ಟಿಗೆಯ ಪಾಯ ಎಷ್ಟು ಆಳಕ್ಕಿಳಿಯಬೇಕು, ಎಲ್ಲಕ್ಕೂ ಅವನು ನನ್ನನ್ನೇ ಕೇಳುತ್ತಿದ್ದ. ಅದರಲ್ಲಿ ಅರ್ಧಕ್ಕರ್ಧ ನನಗೆ ಸಂಬಂಧಿಸದ ಸಂಗತಿ. ಆದರೂ ಉತ್ತರ ಹೇಳುತ್ತಿದ್ದೆ. ಕೇಳುವವರು ಸಿಕ್ಕರೆ ಹೇಳುವ ಚಪಲ ಯಾರಿಗಿರುವುದಿಲ್ಲ?

ನಾನು ಸೇರಿದಾಗ ಯಂತ್ರವೆಂದರೆ ಮೆಲ್ಲಗೆ ತಿರುಗುವ ಒಂದು ಉರುಳೆ, ಅದರ ಸುತ್ತ ಮಸಿ ಹಿಡಿಸಿದ ಕಾಗದ, ಅದರ ಮೇಲೆ ಗೀರುತ್ತಾ ಹೋಗುವ ಒಂದು ಸೂಜಿ. ಸೀಮೆಎಣ್ಣೆ ದೀಪದ ಹೊಗೆಗೆ ಕಾಗದ ಹಿಡಿದು ಒಂದೇ ಸಮನೆ ಕಪ್ಪು ಮಾಡುವುದೇ ಮೊದಲ ಪಾಠ. ನೆಲ ಅಲುಗಿದರೆ ಸೂಜಿ ಅಲುಗಿ ಮಸಿಯಲ್ಲಿ ಬಿಳಿಯ ಗೆರೆ ಮೂಡುತ್ತಿತ್ತು. ಆಮೇಲೆ ಕಾಗದವನ್ನು ಅರಗಿನ ದ್ರಾವಣದಲ್ಲಿ ಅದ್ದಿ ಒಣಗಿಸಿದರೆ ಗೆರೆ ಶಾಶ್ವತ. ಅದ್ದುವ ತನಕ ಅದನ್ನು ಹಸುಗೂಸಿನಂತೆ ನೋಡಿಕೊಳ್ಳಬೇಕು. ನಾನು ಮೊದಲ ತಿಂಗಳಲ್ಲೇ ಒಂದಿಡೀ ದಿನದ ಗೆರೆಗಳನ್ನು ಸೀರೆಯ ಸೆರಗಿನಲ್ಲಿ ಒರೆಸಿಬಿಟ್ಟೆ. ನಮ್ಮ ಸಾಹೇಬರು ಕಪ್ಪಾದ ಸೆರಗನ್ನೂ ಖಾಲಿಯಾದ ಕಾಗದವನ್ನೂ ನೋಡಿ, ಭೂಮಿ ಬರೆದದ್ದನ್ನೆಲ್ಲ ಮೈಮೇಲೆ ಹೊದ್ದುಕೊಂಡಿದ್ದೀರಲ್ಲಮ್ಮ ಎಂದರು. ಮರುದಿನದಿಂದ ಕೇಂದ್ರದೊಳಗೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಯೇ ಓಡಾಡಿದೆ.

ಈ ಸಾಹೇಬರ ಬಗ್ಗೆ ಎರಡು ಮಾತು ಹೇಳಬೇಕು. ಕೆಟ್ಟವರಲ್ಲ. ಮಳೆಯಲ್ಲಿ ಜೀಪು ಹೂತರೆ ಪ್ಯಾಂಟು ಮಡಚಿ ತಾವೇ ತಳ್ಳುತ್ತಿದ್ದರು. ಕೆಳಗಿನವರ ತಪ್ಪನ್ನು ಮೇಲಿನವರಿಗೆ ಮುಟ್ಟಿಸುತ್ತಿರಲಿಲ್ಲ. ಆದರೆ ಅವರಿಗೊಂದು ಹಟವಿತ್ತು. ಜನರ ಮುಂದೆ ಇಲಾಖೆಯವರು ಗೊತ್ತಿಲ್ಲ ಎನ್ನಬಾರದು. ಗೊತ್ತಿಲ್ಲದವರು ಸಂಬಳ ಯಾಕೆ ತಗೊಳ್ತೀರಿ ಎಂದು ಜನ ಕೇಳುತ್ತಾರೆ ಎನ್ನುತ್ತಿದ್ದರು. ನಾನು ಅವರಿಂದ ಕಲಿತ ಒಳ್ಳೆಯದು ಬಹಳ ಇದೆ. ಬೇಗ ಮೈಗೂಡಿದ್ದು ಮಾತ್ರ ಇದು.

ಅವರ ಜೊತೆಯಲ್ಲೇ ನನಗೆ ಕರಾವಳಿಗೆ ವರ್ಗವಾಯಿತು. ಬಯಲುಸೀಮೆಯ ಯಂತ್ರಕ್ಕೂ ಕಡಲತೀರದ ಯಂತ್ರಕ್ಕೂ ಇರುವ ವ್ಯತ್ಯಾಸ ಗೊತ್ತಾದದ್ದು ಅಲ್ಲಿ. ಮಳೆಗಾಲದಲ್ಲಿ ಅಲೆಗಳ ಹೊಡೆತಕ್ಕೆ ದಂಡೆಯ ನೆಲ ಸದಾ ಸಣ್ಣಗೆ ಅದಿರುತ್ತಿರುತ್ತದೆ. ಸೂಜಿಗೆ ನಿದ್ದೆಯೇ ಇಲ್ಲ. ನಿಜವಾದ ಸಣ್ಣ ಕಂಪನಗಳನ್ನು ಆ ಗೊಣಗಾಟದೊಳಗಿಂದ ಆರಿಸಬೇಕು, ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ. ನಾನು ಮೊದಮೊದಲು ಸಮುದ್ರವನ್ನೇ ಭೂಕಂಪವೆಂದು ಬರೆದುಕೊಟ್ಟದ್ದೂ ಉಂಟು.

ಅಲ್ಲಿಗೆ ಹೋದ ಎರಡನೆಯ ಮಳೆಗಾಲದಲ್ಲಿ ತೀರಕ್ಕೂ ಘಟ್ಟಕ್ಕೂ ನಡುವಿನ ಒಂದು ಊರಿನಲ್ಲಿ ನೆಲ ಗುದ್ದತೊಡಗಿತು. ಗುದ್ದು ಎಂದೇ ಜನ ಹೇಳುತ್ತಿದ್ದರು, ಅದೇ ಸರಿಯಾದ ಪದ. ಆಳದಲ್ಲಿ ಆಗುವ ಕಂಪನ ದೂರದೂರಕ್ಕೆ ಹರಡುತ್ತದೆ. ಮೇಲುಮಟ್ಟದ ಬಂಡೆಯ ಬಿರುಕು ಸರಿದರೆ ಹಾಗಲ್ಲ. ಸುತ್ತಲಿನ ನಾಲ್ಕಾರು ಊರಿಗಷ್ಟೇ ಗೊತ್ತಾಗುತ್ತದೆ, ಆದರೆ ಕಾಲಡಿಯೇ ಸಿಡಿಮದ್ದು ಸಿಡಿದ ಹಾಗೆ ಸದ್ದು. ಊರಿನವರು ಮೊದಲು ಹೋಗಿ ಕಲ್ಲುಕೋರೆಯವನ ಜೊತೆ ಜಗಳವಾಡಿದ್ದರು. ಅವನು ತನ್ನ ಕೋರೆ ಮಳೆಗೆ ನಿಂತು ಕೆರೆಯಾಗಿರುವುದನ್ನು ತೋರಿಸಿದ ಮೇಲೆ ನಮ್ಮನ್ನು ಕರೆಸಿದರು.

ಇಂಥದ್ದಕ್ಕೆ ನಾವು ಕಂಪನ ಸರಣಿ ಎನ್ನುತ್ತೇವೆ. ಸಾಮಾನ್ಯ ಭೂಕಂಪದಲ್ಲಾದರೆ ದೊಡ್ಡದೊಂದು ನಡುಗಿ, ಅದರ ಹಿಂದೆ ಚಿಕ್ಕವು ಬಂದು, ಬರಬರುತ್ತಾ ತಣ್ಣಗಾಗುತ್ತದೆ. ಸರಣಿಯಲ್ಲಿ ದೊಡ್ಡದು ಚಿಕ್ಕದು ಎಂಬ ಭೇದವಿಲ್ಲ. ಒಂದೇ ಅಳತೆಯವು ಸಾಲಾಗಿ ಬರುತ್ತವೆ. ಮಳೆನೀರು ಬಿರುಕಿನೊಳಗೆ ಇಳಿದು ಒತ್ತುವುದರಿಂದ ಹೀಗಾಗುತ್ತದೆ ಎಂದು ಒಂದು ವಾದ. ಬಹಳ ಸಲ ಮಳೆಯ ಜೊತೆಗೇ ನಿಂತುಹೋಗುತ್ತದೆ. ಅಪರೂಪಕ್ಕೆ ನಡುವೆ ದೊಡ್ಡದು ಬಂದದ್ದೂ ಇದೆ. ಯಾವ ಸರಣಿ ಯಾವ ದಾರಿ ಹಿಡಿಯುತ್ತದೆ ಎಂದು ಮೊದಲೇ ಹೇಳಬಲ್ಲವರನ್ನು ನಾನು ಇಂದಿಗೂ ಕಂಡಿಲ್ಲ.

ಆ ಊರಿನಲ್ಲಿ ಗಿರಿಜಕ್ಕ ಎಂಬ ವಯಸ್ಸಾದ ಹೆಂಗಸು ಅಂಗಳದಲ್ಲಿ ಟಾರ್ಪಾಲು ಕಟ್ಟಿ, ಮಗಳನ್ನೂ ಬಾಣಂತಿ ಸೊಸೆಯನ್ನೂ ಅದರಡಿ ಮಲಗಿಸಿಕೊಂಡಿದ್ದರು. ಕರಾವಳಿಯ ಮಳೆ ಟಾರ್ಪಾಲಿಗೆ ಬಗ್ಗುವಂಥದ್ದಲ್ಲ. ಕೂಸಿಗೆ ಕೆಮ್ಮು ಹಿಡಿದಿತ್ತು. ನಾನು ಹೋದಾಗ ಅವರು ಸುತ್ತಿ ಬಳಸಿ ಮಾತಾಡಲಿಲ್ಲ. “ಮೇಡಂ, ನಾವು ಒಳಗೆ ಮಲಗ್ಬಹುದಾ? ನೀವು ಹೇಳಿದ್ರೆ ಹೋಗ್ತೇವೆ.” ಸಾಹೇಬರು ನನ್ನ ಪಕ್ಕದಲ್ಲೇ ಇದ್ದರು. ಗಾಬರಿಪಡುವಂಥದ್ದು ಏನೂ ಇಲ್ಲ, ಮಳೆ ಕಡಿಮೆಯಾದರೆ ಇದೂ ನಿಲ್ಲುತ್ತದೆ, ಧೈರ್ಯವಾಗಿ ಒಳಗೆ ಹೋಗಿ ಎಂದು ನಾನು ಹೇಳಿದೆ. ಅವರು ಟಾರ್ಪಾಲು ಬಿಚ್ಚಿದರು. ಅವರನ್ನು ನೋಡಿ ಉಳಿದ ಮನೆಯವರೂ ಬಿಚ್ಚಿದರು.

ಮಳೆ ನಿಂತಿತು, ಗುದ್ದೂ ನಿಂತಿತು. ಪತ್ರಿಕೆಯವರು ನಮ್ಮ ಇಲಾಖೆಯನ್ನು ಹೊಗಳಿ ಬರೆದರು. ಗಿರಿಜಕ್ಕ ಒಂದು ಚೀಲ ಹಲಸಿನ ಹಪ್ಪಳ ಕೊಟ್ಟರು. ಹಪ್ಪಳ ತಿನ್ನುವಾಗೆಲ್ಲ ನನ್ನನ್ನೇ ಕೇಳಿಕೊಳ್ಳುತ್ತಿದ್ದೆ. ನಾನು ಹೇಳಿದ್ದು ನಿಜವಾಯಿತು, ಸರಿ. ಆದರೆ ನನಗೆ ಗೊತ್ತಿತ್ತೇ? ಗೊತ್ತಿರಲಿಲ್ಲ. ಭೂಮಿ ನನ್ನ ಮಾನ ಉಳಿಸಿತು, ಅಷ್ಟೆ.

ಅದೇ ವರ್ಷದ ಇನ್ನೊಂದು ಪ್ರಸಂಗ ಹೇಳದಿದ್ದರೆ ನನ್ನ ಜೊತೆ ಕೆಲಸ ಮಾಡಿದವರು ನಕ್ಕಾರು. ನಮ್ಮ ಕೇಂದ್ರದ ಕಾವಲುಗಾರ ತಿಮ್ಮೇಗೌಡ ಕೆ.ಆರ್. ನಗರದ ಕಡೆಯವನು. ನಮ್ಮ ಸೀಮೆಯವನೆಂದು ನಾನೇ ಹಟ ಹಿಡಿದು ಅಲ್ಲಿಗೆ ಹಾಕಿಸಿಕೊಂಡಿದ್ದೆ. ಆಯುಧಪೂಜೆಯ ದಿನ ಅವನು ಉರುಳೆಗೆ ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಹಾರ ಹಾಕಿ, ಯಂತ್ರ ಇಟ್ಟ ಕೋಣೆಯ ಹೊಸ್ತಿಲ ಮುಂದೆಯೇ ದೊಡ್ಡದೊಂದು ಬೂದುಗುಂಬಳಕಾಯಿಯನ್ನು ತಲೆಯ ಮೇಲಕ್ಕೆತ್ತಿ ಅಪ್ಪಳಿಸಿದ. ನಾನು ರಜೆಯಲ್ಲಿದ್ದೆ. ಸೂಜಿ ತನ್ನ ಧರ್ಮ ಬಿಡಲಿಲ್ಲ, ಉದ್ದಕ್ಕೆ ಗೀರಿತು. ಕಾಗದ ನೋಡಿದ ಸಾಹೇಬರು ಸರಣಿ ಮತ್ತೆ ಶುರುವಾಗಿದೆ ಎಂದು ಪತ್ರಿಕೆಗೆ ಹೇಳಿಕೆ ಕೊಟ್ಟುಬಿಟ್ಟರು.

ನಾನು ಬಂದು ಹೊಸ್ತಿಲಲ್ಲಿ ಅಂಟಿದ್ದ ಕುಂಬಳದ ಬೀಜ ನೋಡಿ ವಿಷಯ ಬಿಡಿಸಿದೆ. ತಿಮ್ಮೇಗೌಡನನ್ನು ಗದರಿದರೆ, “ಮಿಸಿನ್ಗೂ ದಿಷ್ಟಿ ಆಯ್ತದೆ ಕಣಮ್ಮ, ಮಳೆಗಾಲ್ದಲ್ಲಿ ಎಷ್ಟು ಜನ ಬಂದು ನೋಡ್ಕಂಡೋದ್ರು” ಎಂದ. ಸಾಹೇಬರಿಗೆ ಹೇಳಿದೆ. ಅವರು ನಗಲೂ ಇಲ್ಲ, ಹೇಳಿಕೆ ಹಿಂದಕ್ಕೆ ಪಡೆಯಲೂ ಇಲ್ಲ. ಕೊಟ್ಟ ಮಾತು ತಿರುಗಿಸಿದರೆ ಮುಂದೆ ಯಾರೂ ನಂಬುವುದಿಲ್ಲ ಎಂದು ಅವರ ವಾದ. ಗಿರಿಜಕ್ಕನ ಮನೆಯವರು ಒಂದು ಕುಂಬಳಕಾಯಿಗೆ ಹೆದರಿ ಮತ್ತೆ ಅಂಗಳಕ್ಕೆ ಬಂದು ಮಲಗಿದ್ದರೆಂದು ಆಮೇಲೆ ತಿಳಿಯಿತು. ಈ ಕಥೆಯನ್ನು ನಾನು ಎಷ್ಟೋ ಸಭೆಗಳಲ್ಲಿ ಹೇಳಿ ನಗಿಸಿದ್ದೇನೆ. ಅಂಗಳದಲ್ಲಿ ಮಲಗಿದವರ ವಿಷಯ ಮಾತ್ರ ಹೇಳುತ್ತಿರಲಿಲ್ಲ.

ವರ್ಷಗಳು ಉರುಳಿದವು. ಮಸಿ ಕಾಗದ ಹೋಗಿ ಶಾಯಿಯ ಪೆನ್ನು ಬಂತು, ಅದು ಹೋಗಿ ಕಂಪ್ಯೂಟರ್ ಬಂತು. ಈಗ ನೆಲ ಅಲುಗಿದರೆ ಅಡುಗೆಮನೆಯ ತಟ್ಟೆಗಳ ಸದ್ದು ಅಡಗುವುದರೊಳಗೆ ಮೊಬೈಲಿನಲ್ಲಿ ಎಲ್ಲಿ, ಎಷ್ಟು ಎಂದು ಬಂದಿರುತ್ತದೆ. ಮುಂದೇನು ಎಂಬುದು ಮಾತ್ರ ಬರುವುದಿಲ್ಲ. ಜನ ಕೇಳುವುದು ಆ ಒಂದನ್ನೇ.

ನನ್ನ ನಿವೃತ್ತಿಗೆ ಇನ್ನೂ ಸ್ವಲ್ಪ ಕಾಲ ಇರುವಾಗ ಒಂದು ಮಳೆಗಾಲದಲ್ಲಿ ಘಟ್ಟದ ಈಚೆಯ ನೆಲವೂ ಗುದ್ದಲು ಶುರುಮಾಡಿತು. ಕೊಡಗಿನ ಗಡಿಗೆ ಅಂಟಿದ ನಮ್ಮ ಪಿರಿಯಾಪಟ್ಟಣದ ಊರುಗಳಲ್ಲಿ ಅದೇ ಸದ್ದು, ಅದೇ ಸಣ್ಣ ಅಲುಗಾಟ. ಕರಾವಳಿಯ ಸರಣಿ ನೋಡಿದವಳೆಂದು ನನ್ನನ್ನೇ ಕಳಿಸಿದರು. ಹೊಸ ಅಧಿಕಾರಿಗಳು ಕೈಗೆ ಕೊಟ್ಟ ಪ್ರಶ್ನೆಗಳ ಹಾಳೆಯೂ ಕರಾವಳಿಯಲ್ಲಿ ತಯಾರಾದದ್ದೇ. ತೆಂಗಿನಕಾಯಿ ಉದುರಿದವೇ, ಮಾಡಿನ ಹಂಚು ಜಾರಿದವೇ, ಕಟ್ಟಿಹಾಕಿದ ದೋಣಿ ಅಲ್ಲಾಡಿತೇ ಎಂದೆಲ್ಲ ಇತ್ತು. ನಮ್ಮೂರಿನ ಜಗುಲಿಯಲ್ಲಿ ಕೂತು ದೋಣಿಯ ಪ್ರಶ್ನೆ ಓದಿದಾಗ ಜನ ನನ್ನ ಮುಖವನ್ನೇ ನೋಡಿದರು. ಪಟ್ಟಣದ ನೀರು ಕುಡಿದು ಹುಡುಗಿಯ ತಲೆ ಕೆಟ್ಟಿದೆ ಎಂದುಕೊಂಡಿರಬೇಕು.

ಆ ಹಾಳೆಯಲ್ಲಿ ಇರಲೇಬೇಕಾಗಿದ್ದ ಒಂದು ಪ್ರಶ್ನೆ ಇರಲಿಲ್ಲ. ಅದನ್ನು ಕೇಳಿದವನು ನನ್ನ ಅಣ್ಣ.

ಹೊಗೆಸೊಪ್ಪಿನ ಬ್ಯಾರನ್ ನೋಡದವರಿಗಾಗಿ ಹೇಳುತ್ತೇನೆ. ಕಿಟಕಿಯಿಲ್ಲದ, ಎತ್ತರವಾದ ಮಣ್ಣುಗೋಡೆಯ ಮನೆ ಅದು. ಒಳಗೆ ತಳದಿಂದ ಸೂರಿನವರೆಗೆ ಅಂತಸ್ತು ಅಂತಸ್ತಾಗಿ ಗಳಗಳು. ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟಿ ಆ ಗಳಗಳ ಮೇಲೆ ಇಳಿಬಿಡುತ್ತಾರೆ. ನೆಲದ ಉದ್ದಕ್ಕೂ ಕಬ್ಬಿಣದ ದಪ್ಪ ಕೊಳವೆಗಳಿರುತ್ತವೆ. ಹೊರಗಿನ ಒಲೆಗೆ ಸೌದೆ ಹಾಕಿದರೆ ಕೊಳವೆ ಕಾದು ಒಳಗಿನ ಸೊಪ್ಪು ಹದವಾಗಿ ಬೇಯುತ್ತದೆ. ದಿನಗಟ್ಟಲೆ ಉರಿ ಆರದ ಹಾಗೆ ಒಲೆಯ ಬಾಯಲ್ಲಿ ಒಬ್ಬರು ಕೂತೇ ಇರಬೇಕು. ಒಣಗಿದ ಸೊಪ್ಪಿನ ಒಂದು ಕಡ್ಡಿ ಜಾರಿ ಕಾದ ಕೊಳವೆಯ ಮೇಲೆ ಬಿದ್ದರೆ ಇಡೀ ಬ್ಯಾರನ್ ಹೊತ್ತಿಕೊಳ್ಳುತ್ತದೆ. ನೆಲ ನಡುಗದ ವರ್ಷಗಳಲ್ಲೇ ನಮ್ಮ ಕಡೆ ಎಲ್ಲೋ ಒಂದೆರಡು ಸುಡುವುದುಂಟು.

ನಾನು ಊರಿಗೆ ಹೋದ ದಿನ ಅಣ್ಣನ ಬ್ಯಾರನ್ ತುಂಬಿ ನಿಂತಿತ್ತು. ಸೊಪ್ಪು ಮುರಿದು, ಕಟ್ಟಿ, ಏರಿಸಿ ಆಗಿತ್ತು. ಏರಿಸಿದ ಮೇಲೆ ಬೆಂಕಿ ಹಾಕದೆ ಬಿಟ್ಟರೆ ಸೊಪ್ಪು ಅಲ್ಲೇ ಕೊಳೆಯುತ್ತದೆ. ಹೊಲದಲ್ಲಿ ಮುಂದಿನ ಎಲೆಗಳು ಹಣ್ಣಾಗುತ್ತಿರುತ್ತವೆ, ಅವೂ ಕಾಯುವುದಿಲ್ಲ. ಆ ಬೆಳಿಗ್ಗೆಯಷ್ಟೇ ನೆಲ ಗುದ್ದಿ ಬ್ಯಾರನ್ನಿನ ಮೂಲೆಯಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟಿತ್ತು. ಒಲೆಯ ಬಾಯಲ್ಲಿ ಸೌದೆ ಜೋಡಿಸಿಟ್ಟು, ಕಡ್ಡಿಪೆಟ್ಟಿಗೆ ಕೈಯಲ್ಲಿ ಹಿಡಿದು ಅಣ್ಣ ನನಗಾಗಿ ಕಾಯುತ್ತಾ ಕೂತಿದ್ದ.

“ನೀನೇ ಯೋಳು ಕಣವ್ವ,” ಅಂದ. “ಬೆಂಕಿ ಆಕ್ಲೋ ಬ್ಯಾಡ್ವೋ?”

ಗಿರಿಜಕ್ಕನ ಅಂಗಳದಲ್ಲಿ ತಟ್ಟನೆ ಬಂದ ಧೈರ್ಯದ ಮಾತು ಇಲ್ಲಿ ಬರಲಿಲ್ಲ. ಅಲ್ಲಿದ್ದದ್ದು ಬೇರೆಯವರ ಮನೆ, ಇಲ್ಲಿ ಒಲೆಯ ಮುಂದೆ ಕೂರುವವನು ನನ್ನ ಅಣ್ಣ. ಎರಡು ಕಡೆಯ ನೆಲವೂ ಒಂದೇ ಥರ ಗುದ್ದುತ್ತಿತ್ತು, ಎರಡು ಕಡೆಯೂ ನನಗಿದ್ದ ತಿಳಿವಳಿಕೆ ಅಷ್ಟೇ. ಬದಲಾದದ್ದು ನನ್ನ ಭಯ. ಭಯವನ್ನು ಭಯವೆಂದು ಹೇಳಿದ್ದರೆ ಅಡ್ಡಿಯಿರಲಿಲ್ಲ. ನಾನು ಗೊತ್ತಿದ್ದವಳ ಮುಖ ಹಾಕಿಕೊಂಡು, ಕಚೇರಿಯಲ್ಲಿ ಮಾತಾಡುವ ದನಿಯಲ್ಲಿ, “ಬೇಡ ಅಣ್ಣ, ಹಾಕಬೇಡ. ಅಪಾಯ ಇದೆ” ಎಂದೆ.

“ಆಯ್ತು ಬುಡು,” ಎಂದು ಅವನು ಕಡ್ಡಿಪೆಟ್ಟಿಗೆಯನ್ನು ಜೇಬಿಗಿಟ್ಟುಕೊಂಡ. ಇನ್ನೊಂದು ಮಾತು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಊರಿನ ಉಳಿದವರು ನನ್ನನ್ನು ಕೇಳಲಿಲ್ಲ. ಅವರ ಕಿವಿಗೆ ಬಿದ್ದದ್ದು ಇಲಾಖೆಯ ಹೇಳಿಕೆ, ಗಾಬರಿ ಬೇಡ ಎಂಬ ಅದೇ ಹಳೆಯ ಹಾಡು. ಎಲ್ಲರ ಬ್ಯಾರನ್ನುಗಳೂ ಹೊಗೆಯಾಡಿದವು. ನೆಲ ಇನ್ನೂ ಕೆಲವು ಸಲ ಗುದ್ದಿತು, ಮಳೆಯ ಜೊತೆ ತಗ್ಗಿತು, ನಿಂತಿತು. ಒಂದು ಕಡ್ಡಿಯೂ ಬೀಳಲಿಲ್ಲ. ಅಣ್ಣನ ಬ್ಯಾರನ್ನಿನಿಂದ ಕೊಳೆತ ವಾಸನೆ ಬರತೊಡಗಿದಾಗ ಅವನು ಕೂಲಿಯವರನ್ನು ಕರೆಯದೆ ಒಬ್ಬನೇ ಕಡ್ಡಿ ಇಳಿಸಿ ತಿಪ್ಪೆಗೆ ಹೊತ್ತ. ಹೊಲದ ಎಲೆಗಳು ಹಣ್ಣಾಗಿ, ಚುಕ್ಕೆ ಬಿದ್ದು, ಗಿಡದಲ್ಲೇ ಸೊರಗಿದವು. ಇನ್ನು ಹಾಕಬಹುದು ಎಂದು ನಾನು ಹೇಳುವ ಹೊತ್ತಿಗೆ ಹಾಕಲು ಬೆಳೆಯೇ ಉಳಿದಿರಲಿಲ್ಲ.

ಕೊಪ್ಪದ ಟೀ ಅಂಗಡಿಯಲ್ಲಿ ಇದೊಂದು ತಮಾಷೆಯಾಯಿತಂತೆ. ತಂಗಿ ಭೂಮಿಯ ನಾಡಿ ನೋಡಿದಳು, ಅಣ್ಣನಿಗೆ ಜ್ವರ ಬಂತು ಎಂದು ಆಡಿಕೊಂಡರಂತೆ. ಇದನ್ನು ನನಗೆ ಹೇಳಿದ್ದು ಅತ್ತಿಗೆ. ಅಣ್ಣ ಹೇಳಲಿಲ್ಲ. ಅವನು ಏನನ್ನೂ ಹೇಳಲಿಲ್ಲ. ಬಯ್ದಿದ್ದರೆ ನಾನೂ ನಾಲ್ಕು ಮಾತಾಡಿ, ಅತ್ತು, ಸರಿಮಾಡಿಕೊಳ್ಳುತ್ತಿದ್ದೆ. ಹಬ್ಬಕ್ಕೆ ಹೋದರೆ ಮೊದಲಿನಷ್ಟೇ ಅಕ್ಕರೆಯಿಂದ ಊಟಕ್ಕೆ ಕೂರಿಸುತ್ತಿದ್ದ. ಆದರೆ ಕೇಳುವುದನ್ನು ಬಿಟ್ಟುಬಿಟ್ಟ. ಮುಂದಿನ ಬೇಸಿಗೆಯಲ್ಲಿ ಅವನು ಹೊಸ ಕೊಳವೆಬಾವಿ ಕೊರೆಸಿದ್ದು ನನಗೆ ತಿಳಿದದ್ದು ಪಿರಿಯಾಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಪರಿಚಯದವರಿಂದ. ನೀರು ಚೆನ್ನಾಗಿ ಬಿದ್ದಿತ್ತಂತೆ. ನಾನು ಬಸ್ಸಿನ ಕಿಟಕಿಯ ಕಡೆ ತಿರುಗಿ ಹುಣಸೂರಿನ ತನಕ ಅತ್ತೆ.

ನಿವೃತ್ತಿಯ ದಿನ ಹಾರ ಹಾಕಿ ಬಹಳ ಹೊಗಳಿದರು. ಆ ಹೊಗಳಿಕೆಯ ನಡುವೆಯೂ ನನಗೆ ನೆನಪಾದದ್ದು ಅವನ ಜೇಬಿಗೆ ಹೋದ ಕಡ್ಡಿಪೆಟ್ಟಿಗೆ. ಎಲೆ ಕೊಳೆತದ್ದಕ್ಕಿಂತ ಹೆಚ್ಚಾಗಿ, ನನ್ನ ಮಾತಿನ ಮೇಲೆ ಅವನಿಗಿದ್ದ ಅಷ್ಟೂ ವರ್ಷದ ನೆಚ್ಚಿಕೆಯನ್ನು ನಾನು ಒಂದೇ ಪದಕ್ಕೆ ಖರ್ಚು ಮಾಡಿಬಿಟ್ಟೆನಲ್ಲ ಎಂಬ ಸಂಕಟ.

ಹೋದ ಮಳೆಗಾಲದಲ್ಲಿ ನಮ್ಮೂರಿನ ಕಡೆ ನೆಲ ಮತ್ತೆ ಗುದ್ದತೊಡಗಿತು. ನನ್ನ ಫೋನು ಬಿಡುವಿಲ್ಲದೆ ಹೊಡೆದುಕೊಂಡಿತು. ಹೊಸ ಅಧಿಕಾರಿಗಳು, ಪತ್ರಿಕೆಯವರು, ಎಚ್.ಡಿ. ಕೋಟೆಯಿಂದ ಒಬ್ಬ ದೂರದ ನೆಂಟ, ಎಲ್ಲರೂ ಕೇಳಿದರು. ಅಣ್ಣ ಕೇಳಲಿಲ್ಲ. ಕಾದು ಕಾದು ಸಾಕಾಗಿ ನಾನೇ ಬಸ್ಸು ಹತ್ತಿದೆ.

ಹೋದಾಗ ಮಧ್ಯಾಹ್ನ ಇಳಿದಿತ್ತು. ಬ್ಯಾರನ್ನಿನ ಒಲೆ ಉರಿಯುತ್ತಿತ್ತು. ಅಣ್ಣ ಮುಂದೆ ಕೂತಿದ್ದ, ಬೆನ್ನು ಬಾಗಿದೆ ಈಗ. ಬಾ, ಊಟ ಆಯ್ತಾ ಎಂದ. ಮಾತಿಗೆ ಮಾತು ಬಂದು, ಒಳಗೆ ಕೊಳವೆಗಳ ಮೇಲೆ ತಂತಿಯ ಬಲೆ ಎಳೆಸಿದ್ದನ್ನೂ, ಕೆಳಗಿನ ಅಂತಸ್ತಿನ ಕಡ್ಡಿಗಳನ್ನು ಗಳಕ್ಕೆ ಬಿಗಿಯಾಗಿ ಕಟ್ಟಿಸಿದ್ದನ್ನೂ ಹೇಳಿದ. ಕಡ್ಡಿ ಜಾರಿದರೂ ಕೊಳವೆಗೆ ತಾಗದು ಎಂದ. ಅಷ್ಟರಲ್ಲಿ ನೆಲ ಒಮ್ಮೆ ಗುದ್ದಿತು. ಸೂರಿನ ತಗಡು ಗಲಗಲ ಎಂದು ಸುಮ್ಮನಾಯಿತು. ಮೊದಲಾಗಿದ್ದರೆ ಅವನು ನನ್ನ ಮುಖ ನೋಡುತ್ತಿದ್ದ. ಈಗ ಬ್ಯಾರನ್ನಿನ ಕಡೆ ನೋಡಿದ, ಸ್ವಲ್ಪ ಹೊತ್ತು ಕಿವಿಗೊಟ್ಟ, ಮತ್ತೆ ಒಲೆಯ ಕಡೆ ತಿರುಗಿದ.

ನನಗೆ ತಡೆಯಲಾಗಲಿಲ್ಲ. “ಅಣ್ಣ, ಇನ್ನು ಏನಾಗುತ್ತೋ ನಂಗೊತ್ತಿಲ್ಲ,” ಎಂದೆ. “ಅವತ್ತೂ ಗೊತ್ತಿರಲಿಲ್ಲ.”

ಅವನು ಒಲೆಯ ಕೆಂಡವನ್ನು ಕೋಲಿನಿಂದ ಕೆದಕುತ್ತಲೇ ಇದ್ದ.

“ಅದ್ನೇ ಅವತ್ತು ಯೋಳ್ಬೋದಾಗಿತ್ತಲ್ಲವ್ವ,” ಎಂದ. ದನಿಯಲ್ಲಿ ಕೋಪವಿರಲಿಲ್ಲ. “ನಂಗೂ ಗೊತ್ತಿರ್ನಿಲ್ಲ, ನಿಂಗೂ ಗೊತ್ತಿರ್ನಿಲ್ಲ. ಇಬ್ರೂ ಕೂತ್ಕಂಡು ಏನಾರ ಒಂದ್ ದಾರಿ ಉಡುಕ್ಬೋದಿತ್ತು. ನೀನು ಮೇಡಮ್ಮೋರಂಗೆ ಯೋಳ್ಬುಟ್ಟೆ. ನಾನು ಸುಮ್ಕಾದೆ.”

ಅವನು ಪಕ್ಕಕ್ಕೆ ಸರಿದು ಜಾಗ ಮಾಡಿದ. ನಾನು ಕೂತೆ. ರಾಶಿಯಿಂದ ಒಂದು ಸೌದೆ ಎತ್ತಿ ನನ್ನ ಕೈಗೆ ಕೊಟ್ಟ. ಒಲೆಗೆ ಹಾಕಿದೆ.